ಮೌನಕ್ಕೂ ಪೇಪರ್ ದುಡ್ಡು

ನಮ್ಮ ಕವಿಗೆ ಪುಸ್ತಕ ಮಾಡಿಸುವ ಆಸೆ ಬಂದಿದೆ. ಮಾಮೂಲಿ ಪುಸ್ತಕ ಅಲ್ಲ. ಅಂಗೈಯಲ್ಲಿ ಕೂರಬೇಕಂತೆ, ಮುಟ್ಟಿದರೆ ಹಿತವಾಗಬೇಕಂತೆ, ಓದುವವರ ಕಿವಿಯಲ್ಲಿ ತಾನೇ ಪಿಸುಗುಟ್ಟಿದ ಹಾಗಿರಬೇಕಂತೆ. ಭಾನುವಾರ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು ಸರಸ್ವತಿಪುರದಲ್ಲಿ ಟೀ ಕುಡಿಯುವಾಗ ಈ ಮಾತು ತೆಗೆದ. ಜೊತೆಗೆ ನಾನು, ಮಂಡ್ಯದ ಗೆಳೆಯ, ಮತ್ತೆ ಅಗ್ರಹಾರದಲ್ಲಿ ಬೈಂಡಿಂಗ್ ಮಾಡುವ ಅಣ್ಣ.

"ನೀನು ಕಿವೀಲಿ ಪಿಸುಗುಟ್ಟಿದ್ರೆ ನಾನು ಪುಸ್ತಕ ಮುಚ್ಬುಡ್ತೀನಿ ಕನ್ಲಾ" ಅಂದ ಮಂಡ್ಯದವನು.

ಕವಿ ಕೇಳಿಸಿಕೊಳ್ಳಲಿಲ್ಲ. ಎ6 ಸೈಜು ಅಂದ. ಅಂದರೆ ಅಗಲ 105 ಮಿಲಿಮೀಟರ್, ಎತ್ತರ 148. ಅಂಗೈಗೆ ಸರಿ. ಆದರೆ ಎರಡೂ ಕಡೆ ಮಾರ್ಜಿನ್ ಬಿಟ್ಟರೆ ಸಾಲಿಗೆ ಉಳಿಯುವುದು ಏಳೂವರೆ ಸೆಂಟಿಮೀಟರ್, ನಮ್ಮ ಕವಿಯೋ 'ನೀನಿಲ್ಲದಿರುವಾಗಲೆಲ್ಲ' ಅನ್ನುವ ಪದವನ್ನು ಸಾಲಿನ ಕೊನೆಗೇ ಇಡುವ ಆಸಾಮಿ. ಫೋನಿನಲ್ಲಿ ಅಷ್ಟೇ ಅಗಲಕ್ಕೆ ಟೈಪ್ ಮಾಡಿ ತೋರಿಸಿದೆ. ಪದ ಜಾರಿ ಕೆಳಗಿನ ಸಾಲಿನಲ್ಲಿ ಒಂಟಿಯಾಗಿ ನಿಂತಿತು. "ಆಹಾ, ವಿರಹ!" ಅಂದ ಕವಿ. ಅದು ವಿರಹ ಅಲ್ಲ ಮಾರಾಯ, ಜಾಗ ಸಾಲದಿರುವುದು. ಅಕ್ಷರ ಸಣ್ಣದು ಮಾಡಿ ಸಾಲುಗಳನ್ನು ಒತ್ತೊತ್ತಾಗಿ ತುಂಬಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ನನ್ನ ಕೇಳಿದರೆ ಕನ್ನಡ ಪದ್ಯಕ್ಕೆ ಪುಟದ ಅಗಲವನ್ನು ಅತಿ ಉದ್ದದ ಸಾಲನ್ನು ಅಳೆದು ನಿರ್ಧರಿಸಬೇಕು, ಅಂಗೈಯನ್ನು ಅಳೆದಲ್ಲ. ಒಪ್ಪಲಿಲ್ಲ ಪುಣ್ಯಾತ್ಮ.

ಆಮೇಲೆ ಬಂತು ಪರಿಮಳ. ಪುಟಪುಟಕ್ಕೂ ಗಂಧದೆಣ್ಣೆ ಸವರಬೇಕಂತೆ. "ನಮ್ಮೂರ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತಾಳೆಗರಿಗೆ ಎಣ್ಣೆ ಹಚ್ಚಲ್ವಾ? 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದೂ ಗರಿಯಲ್ಲೇ" ಅಂತ ವಾದ ಬೇರೆ. ಗರಿಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚುವುದು ನಿಜ. ಹುಳ ಬರದಿರಲಿ, ಒಣಗಿ ಮುರಿಯದಿರಲಿ ಅಂತ.

"ಅದು ಗರಿ ಸ್ವಾಮಿ, ಇದು ಕಾಗದ. ಎಣ್ಣೆ ಬಿದ್ರೆ ಬೋಂಡ ಕಟ್ಟಿದ ಪೇಪರೇ" ಅಂದರು ಅಣ್ಣ.

ರಟ್ಟಿಗೆ ಹೆಂಡತಿಯ ಹಳೇ ಮೈಸೂರು ಸಿಲ್ಕ್ ಸೀರೆ ಅಂದ. ಬಟ್ಟೆಯ ಹಿಂದೆ ತೆಳು ಕಾಗದ ಅಂಟಿಸದಿದ್ದರೆ ಅಂಟು ಈಚೆಗೆ ಬಂದು ರೇಷ್ಮೆ ಕಲೆಯಾಗುತ್ತದೆ, ಅದನ್ನು ಮಾಡಬಹುದು, ಆದರೆ ಸೀರೆ ಕೇಳಿದ್ದೀರಾ ಅಂದರು ಅಣ್ಣ. ಕವಿ ಟೀ ಲೋಟ ನೋಡಿದ. ಅಂಟು ಯಾವುದು ಅಂತ ಮಾತು ಮರೆಸಿದ. ಮೈದಾ ಕಾಯಿಸಿ, ಹುಳ ತಿನ್ನದಿರಲಿ ಅಂತ ಚೂರು ಮೈಲುತುತ್ತ ಹಾಕುತ್ತಾರಂತೆ.

"ತೋಟಕ್ಕೆ ಹೊಡಿಯೋ ಮೈಲುತುತ್ತವಾ? ಹಂಗಾದ್ರೆ ಪದ್ಯಕ್ಕೂ ರೋಗ ಬರಾಕಿಲ್ಲ ಬುಡು."

ಜಗಳ ಹತ್ತಿದ್ದು ಖಾಲಿ ಪುಟಕ್ಕೆ. ಇರುವುದು 28 ಕವನ. ಒಂದರ ಹಿಂದೆ ಒಂದು ಹಾಕಿದರೆ ಹೆಸರು, ಪರಿವಿಡಿಯ ಪುಟಗಳೂ ಸೇರಿ 32 ಪುಟ, 16 ಪುಟದ 2 ಫಾರಂನಲ್ಲಿ, ಅಂದರೆ ಒಟ್ಟಿಗೆ ಅಚ್ಚು ಮಾಡಿ ಮಡಿಸುವ 2 ಕಟ್ಟಿನಲ್ಲಿ, ಮುಗಿಯುತ್ತದೆ. ಕವಿ ಮಾತ್ರ ಎಡಗಡೆ ಪುಟವೆಲ್ಲ ಖಾಲಿ ಇರಲಿ, ಅದು ಮೌನದ ಜಾಗ ಅಂತಾನೆ. ಆಗ 64 ಪುಟ, 4 ಫಾರಂ.

"ಮೌನಕ್ಕೂ ಪೇಪರ್ ದುಡ್ಡು ಕೊಡ್ಬೇಕೇನ್ಲಾ?"

ಸುಮ್ನೆ ಬಾಯಲ್ಲಿ ಹೇಳಿದರೆ ಆಗಲ್ಲ ಅಂತ ಅಣ್ಣ ನಮ್ಮನ್ನೆಲ್ಲ ಅಂಗಡಿಗೆ ಕರೆದುಕೊಂಡು ಹೋದರು. ಎರಡು ಎ4 ಹಾಳೆ ತೆಗೆದು ಅರ್ಧಕ್ಕೆ ಕತ್ತರಿಸಿದರು. ತುಂಡನ್ನು ಮಡಿಸುವ ಮೊದಲು ಉದ್ದಕ್ಕೂ ಅಡ್ಡಕ್ಕೂ ಬಗ್ಗಿಸಿ ನೋಡಿದರು. ಯಾವ ಮಡಿಕೆಗೆ ಸಲೀಸಾಗಿ ಬಗ್ಗುತ್ತದೋ ಆ ಮಡಿಕೆಯ ಉದ್ದಕ್ಕೇ ಕಾಗದದ ನಾರು ಓಡಿರುತ್ತದೆ, ಬೆನ್ನಿನ ಮಡಿಕೆ ಅದೇ ದಿಕ್ಕಿಗೆ ಬರಬೇಕು, ಇಲ್ಲದಿದ್ದರೆ ಪುಟ ಬಿಡಿಸಿದಾಗ ಸೆಟೆದು ನಿಲ್ಲುತ್ತದೆ. ನಾಲ್ಕು ತುಂಡನ್ನು ಮಡಿಸಿ ಒಂದರೊಳಗೊಂದು ಕೂರಿಸಿದರು. ಬೆನ್ನಿಗೆ ಮೂರು ತೂತು. ದಾರಕ್ಕೆ ಮೇಣ ತೀಡಿ, ನಡುವಿನ ತೂತಿನಿಂದ ಸೂಜಿ ಹೊರಗೆ, ಮೇಲಿನದರಿಂದ ಒಳಗೆ, ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನದರಿಂದ ಒಳಗೆ ತಂದು ಉದ್ದದ ದಾರದ ಮೇಲೆ ಗಂಟು. ಐದೇ ನಿಮಿಷ. 16 ಪುಟದ ಪುಟಾಣಿ, ಎಲ್ಲಿ ಬಿಚ್ಚಿದರೂ ಅಂಗಾತ ಮಲಗುತ್ತಿತ್ತು. ಮಂಡ್ಯದವನೂ ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಬೆನ್ನು ಸವರಿದ.

ಕವಿ ಬಲಗಡೆ ಪುಟಗಳಲ್ಲಿ ಪೆನ್ಸಿಲ್ಲಿನಲ್ಲಿ ಕವನ ಬರೆದು, ಎಡಗಡೆ ಮೌನ ಬಿಟ್ಟು, ಹೆಂಡತಿಗೆ, ಅಂದರೆ ನಮ್ಮ ಅತ್ತಿಗೆಗೆ, ಕೊಟ್ಟನಂತೆ. ಮುಂದಿನ ಭಾನುವಾರ ಮುಖ ಇಳಿಸಿಕೊಂಡು ಬಂದ. ಪುಸ್ತಕ ಕೈಗಿತ್ತ. 'ನಿನ್ನ ದಾರಿ ಕಾಯುತ್ತ' ಅನ್ನುವ ಪದ್ಯದ ಎದುರು ಪುಟದಲ್ಲಿ ಅತ್ತಿಗೆಯ ದುಂಡು ಅಕ್ಷರ: ಸೋಮ ಅರ್ಧ ಲೀಟರ್, ಮಂಗಳ ಅರ್ಧ, ಬುಧ ಬರಲಿಲ್ಲ, ಗುರುವಾರವೂ ಬರಲಿಲ್ಲ.

ಅಣ್ಣ ಕನ್ನಡಕ ಹಾಕಿಕೊಂಡು ಎರಡೂ ಪುಟ ನಿಧಾನವಾಗಿ ಓದಿದರು.

"ಇದನ್ನೂ ಕಂಪೋಸ್ ಮಾಡಿಸ್ತೀರಾ ಸ್ವಾಮಿ?"