ಲಿಬಿಯಾದ ದೊರೆ ಇದ್ರಿಸ್ ಪಟ್ಟಕ್ಕೇರಿದ 18 ವರ್ಷಕ್ಕೇ ಅದನ್ನು ಕಳೆದುಕೊಂಡದ್ದೇಕೆ?

ಪ್ರಶ್ನೆ (ತುಮಕೂರು):
ಪಿಜಿ ತರಗತಿಗೆ ನಾಳಿದ್ದು ಲಿಬಿಯಾ ಪಾಠ. 1951ರ ಡಿಸೆಂಬರ್ 24ಕ್ಕೆ ಸ್ವಾತಂತ್ರ್ಯ ಸಾರಿದ ಇದ್ರಿಸ್, 1969ರ ಸೆಪ್ಟೆಂಬರ್ 1ಕ್ಕೆ ಪದಚ್ಯುತ. ನೋಟ್ಸ್‌ಗಳಲ್ಲೆಲ್ಲ "ತೈಲದ ಹಣ ಕೆಡಿಸಿತು" ಅಂತ ಒಂದೇ ಸಾಲು. ಅಷ್ಟೇನಾ? ಬಲ್ಲವರು ಬಿಡಿಸಿ ಹೇಳಿ. ಮೈಸೂರು ಸಂಸ್ಥಾನದ ಜೊತೆ ಹೋಲಿಸಬಹುದಾ?

ಉತ್ತರ (ಕೋಲಾರ):
ಇಲ್ಲ ಸರ್, ತೈಲಕ್ಕಿಂತ ಮೊದಲೇ ಬಿರುಕು ಬಿಟ್ಟಿತ್ತು. ಲಿಬಿಯಾದ ಜೆಲ್ತೆನ್‌ ಎಂಬಲ್ಲಿ ತೈಲ ಸಿಕ್ಕಿದ್ದು 1959ರಲ್ಲಿ. 1952ರ ಫೆಬ್ರವರಿಯ ಮೊದಲ ಚುನಾವಣೆ ಮುಗಿಯುತ್ತಲೇ ಗಲಭೆಯಾಗಿ, ವಿರೋಧಿ ನಾಯಕ ಬಶೀರ್ ಸಾದಾವಿಯನ್ನು ಗಡೀಪಾರು ಮಾಡಿ ಪಕ್ಷಗಳನ್ನೇ ನಿಷೇಧಿಸಿದರು. ಪಾಠ ಅಲ್ಲಿಂದ ಶುರು ಮಾಡಿ.

ಬೋರ್ಡಿನ ಮೇಲೆ ಈ ಲೆಕ್ಕ ಬರೆಯಿರಿ: ಲಿಬಿಯಾ ಆಗ ಮೂರು ಪ್ರಾಂತ್ಯಗಳ ಒಕ್ಕೂಟ. ಸಂಸತ್ತಿನ ಕೆಳಮನೆಯ 55 ಸ್ಥಾನದಲ್ಲಿ ಟ್ರಿಪೊಲಿಟೇನಿಯಾಕ್ಕೆ 35, ಸೈರೆನೈಕಾಕ್ಕೆ 15, ಫೆಜ್ಜಾನ್‌ಗೆ 5. ಮೇಲ್ಮನೆಯಲ್ಲಿ ಮಾತ್ರ ಮೂರಕ್ಕೂ ಎಂಟೆಂಟು. ಆ 24ರಲ್ಲಿ ಅರ್ಧ ಜನ ದೊರೆಯೇ ನೇಮಿಸಿದವರು. ಜನ ಹೆಚ್ಚಿದ್ದ ಟ್ರಿಪೊಲಿಟೇನಿಯಾಕ್ಕೆ ಈ ಸಮಪಾಲು ಗಂಟಲ ಮುಳ್ಳಾಯಿತು. ಇದ್ರಿಸ್ ಸನೂಸಿ ಎಂಬ ಸೂಫಿ ಪಂಥದ ಮುಖ್ಯಸ್ಥ. ಸೈರೆನೈಕಾದವರಿಗೆ ಅವನು ಗುರು, ಟ್ರಿಪೊಲಿಟೇನಿಯಾದವರಿಗೆ ಒಪ್ಪಿಕೊಂಡ ದೊರೆ ಮಾತ್ರ.

ಉತ್ತರ (ಚಿಕ್ಕಬಳ್ಳಾಪುರ):
ಮೇಲಿನದು ಸರಿ, ಆದರೆ ತೈಲವನ್ನು ಪೂರಾ ಪಕ್ಕಕ್ಕಿಡಬೇಡಿ. ತೈಲ ಬರುವತನಕ ಮಹಾಯುದ್ಧದ ಗುಜರಿ ಕಬ್ಬಿಣ ಮಾರಿ, ಬ್ರಿಟನ್, ಅಮೆರಿಕಕ್ಕೆ ಸೇನಾನೆಲೆ ಕೊಟ್ಟ ದುಡ್ಡಲ್ಲಿ ದೇಶ ಸಂಸಾರ ತೂಗಿಸುತ್ತಿತ್ತು. 1961ರಲ್ಲಿ ತೈಲ ರಫ್ತು ಶುರುವಾಯಿತು. ಮೂರು ಪ್ರಾಂತ್ಯಕ್ಕೂ ಬೇರೆಬೇರೆ ಸರ್ಕಾರ, ಬೇರೆಬೇರೆ ಶಾಸನಸಭೆ ಇಟ್ಟುಕೊಂಡು ತೈಲದ ಆಡಳಿತ ನಡೆಯದೆಂದು 1963ರಲ್ಲಿ ಒಕ್ಕೂಟವನ್ನೇ ರದ್ದು ಮಾಡಿದರು. ಹಣವೆಲ್ಲ ಕೇಂದ್ರದ ಕೈಗೆ ಬಂತು, ಲೆಕ್ಕ ಕೇಳಲು ಪಕ್ಷವಿರಲಿಲ್ಲ. 1967ರ ಅರಬ್-ಇಸ್ರೇಲ್ ಯುದ್ಧದಲ್ಲಿ ಜನ ಬೀದಿಗಿಳಿದು, ಆ ಸೇನಾನೆಲೆಗಳನ್ನು ತೆಗೆಸಿ ಎಂದು ಹಟ ಹಿಡಿದರು.

ಉತ್ತರ (ಕೋಲಾರ):
ಮೈಸೂರಿನ ಹೋಲಿಕೆ ಒಂದು ಮಟ್ಟಿಗೆ ನಿಲ್ಲುತ್ತದೆ. ನಮ್ಮಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. 1938ರಲ್ಲಿ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದರೂ ಕಾಂಗ್ರೆಸ್ ಉಳಿಯಿತು. 1947ರಲ್ಲಿ ಅಧಿಕಾರ ವಹಿಸಿಕೊಳ್ಳಲು ಜನರ ಪಕ್ಷವೊಂದು ತಯಾರಿತ್ತು. ಲಿಬಿಯಾದಲ್ಲಿ ಆ ಜಾಗ ಖಾಲಿ, ಸೈನ್ಯವೇ ನುಗ್ಗಿತು. ಇದ್ರಿಸ್ ಚಿಕಿತ್ಸೆಗೆಂದು ತುರ್ಕಿಯಲ್ಲಿದ್ದಾಗ 27 ವಯಸ್ಸಿನ ಸೇನಾಧಿಕಾರಿ ಗಡಾಫಿಯ ಗುಂಪು ಅಧಿಕಾರ ಹಿಡಿಯಿತು. ಯುವರಾಜನಾಗಿದ್ದ, ಇದ್ರಿಸನ ತಮ್ಮನ ಮಗ ಹಸನ್, ಪಟ್ಟದ ಹಕ್ಕು ಬಿಟ್ಟುಕೊಟ್ಟೆನೆಂದು ಘೋಷಿಸಿದ. ಇದ್ರಿಸ್ ಮತ್ತೆ ಲಿಬಿಯಾಕ್ಕೆ ಹೋಗಲೇ ಇಲ್ಲ. 1983ರಲ್ಲಿ ಕೈರೋದಲ್ಲಿ ತೀರಿಕೊಂಡ.