ಸಹಾಯ ಬೇಕು: ಪೈಕ್ಯೂಟಿ5 ವಿಂಡೋ ತೆರೆಯುತ್ತಿಲ್ಲ, ಎಕ್ಸ್‌ಸಿಬಿ ಎರರ್

ಎಲ್ಲರಿಗೂ ನಮಸ್ಕಾರ. ಉಬುಂಟು 22.04ರಲ್ಲಿ ಪೈಕ್ಯೂಟಿ5 (ಪೈಥಾನ್‌ನಲ್ಲಿ ವಿಂಡೋ ತೋರಿಸಲು ಕ್ಯೂಟಿ ಬಳಸುವ ಲೈಬ್ರರಿ) ಬಳಸಿ ಬರೆದ ಪ್ರೋಗ್ರಾಂ ರನ್ ಮಾಡಿದರೆ 'ಎಕ್ಸ್‌ಸಿಬಿ ಪ್ಲಗಿನ್ ಸಿಕ್ಕಿದೆ, ಆದರೆ ಲೋಡ್ ಆಗಲಿಲ್ಲ' ಎಂಬರ್ಥದ ಎರರ್ ಬಂದು ಅಲ್ಲೇ ನಿಂತುಬಿಡುತ್ತದೆ (ಎಕ್ಸ್‌ಸಿಬಿ ಅಂದರೆ ಲಿನಕ್ಸ್‌ನಲ್ಲಿ ಕ್ಯೂಟಿ ವಿಂಡೋವನ್ನು ಪರದೆಗೆ ತರುವ ಪ್ಲಗಿನ್). ಪ್ಲಗಿನ್ ಫೈಲ್ ಮೇಲೆ ಎಲ್‌ಡಿಡಿ ಕಮಾಂಡ್ (ಫೈಲಿಗೆ ಬೇಕಾದ ಲೈಬ್ರರಿಗಳನ್ನು ತೋರಿಸುವುದು) ಓಡಿಸಿ ನೋಡಿದಾಗ ಲಿಬ್‌ಎಕ್ಸ್‌ಸಿಬಿ-ಜಿನೆರಾಮಾ ಎಂಬ ಲೈಬ್ರರಿ ಇರಲಿಲ್ಲ, ಆಪ್ಟ್ ಕಮಾಂಡ್‌ನಿಂದ ಹಾಕಿಕೊಂಡೆ. ಈಗ ಯಾವ ಲೈಬ್ರರಿಯೂ ಕಾಣೆಯಾಗಿಲ್ಲ, ಆದರೂ ಅದೇ ಎರರ್!

ಪ್ಲಗಿನ್ ಲೋಡ್ ಆಗುವ ವಿವರ ತೋರಿಸುವ ಕ್ಯೂಟಿ_ಡಿಬಗ್_ಪ್ಲಗಿನ್ಸ್=1 ಸೆಟ್ಟಿಂಗ್ ಇಟ್ಟು ಮತ್ತೆ ಓಡಿಸಿದೆ. ಕ್ಯೂಟಿ ಪ್ಲಗಿನ್ ಹುಡುಕುತ್ತಿರುವುದು ಓಪನ್‌ಸಿವಿಯ (ಕ್ಯಾಮೆರಾ, ಚಿತ್ರಗಳ ಕೆಲಸಕ್ಕೆ ನಾನು ಬಳಸುವ ಲೈಬ್ರರಿ) ಫೋಲ್ಡರಿನಲ್ಲಿ. ಓಪನ್‌ಸಿವಿ ತನ್ನದೇ ಕ್ಯೂಟಿ ಹೊತ್ತು ತರುತ್ತದಲ್ಲ, ಎರಡೂ ಡಿಕ್ಕಿ ಹೊಡೆಯುತ್ತಿವೆ ಅಂತ ನನ್ನ ಅನುಮಾನ. ಈಗಿನ ಓಪನ್‌ಸಿವಿ ತೆಗೆದು ಅದರ ಹೆಡ್‌ಲೆಸ್ (ವಿಂಡೋ ತೋರಿಸುವ ಭಾಗವಿಲ್ಲದ) ಆವೃತ್ತಿ ಹಾಕಿದರೆ ಸಾಕೇ? ಕ್ಯಾಮೆರಾ ಚಿತ್ರವನ್ನು ಕ್ಯೂಟಿ ವಿಂಡೋದಲ್ಲೇ ತೋರಿಸುತ್ತೇನೆ, ಓಪನ್‌ಸಿವಿಯಲ್ಲಿ ಚಿತ್ರ ತೋರಿಸುವ ಐಎಂಶೋ ಫಂಕ್ಷನ್ ಎಲ್ಲೂ ಬಳಸಿಲ್ಲ. ಎರಡು ದಿನದಿಂದ ಕೆಲಸ ನಿಂತಿದೆ, ಅನುಭವ ಇದ್ದವರು ದಯವಿಟ್ಟು ತಿಳಿಸಿ.