ಅಪ್ಪ ಹಳೇ ನೇವಿ ಹಡಗಿನ ಬಾಯ್ಲರ್ ರೂಮಲ್ಲಿ ಇದ್ದವರು, ಈಗ ಶ್ವಾಸಕೋಶದ ಸುತ್ತ ನೀರು. ಬಯಾಪ್ಸಿ ಮಾಡಿಸಿದವರು, ಪೆನ್ಶನಿಗೆ ಅರ್ಜಿ ಹಾಕಿದವರು ಅನುಭವ ಹೇಳಿ

ನೀರ್ಚಾಲು ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71. 1971ರಲ್ಲಿ ನೇವಿಗೆ ಸೇರಿ 15 ವರ್ಷ ಎಂಜಿನ್ ಬ್ರಾಂಚ್, ಹೆಚ್ಚಿನ ಕಾಲ ಸ್ಟೀಮ್ ಹಡಗಿನ ಬಾಯ್ಲರ್ ರೂಮಲ್ಲೇ. ಬೀಡಿ ಸಿಗರೇಟ್ ಮುಟ್ಟಿದವರಲ್ಲ. ಈ ಮಳೆಗಾಲ ಕಳೆದ ಮೇಲೆ ತೋಟದಿಂದ ಮನೆಗೆ ಗುಡ್ಡೆ ಹತ್ತುವಾಗ ಏದುಸಿರು ಬರ್ಲಿಕ್ಕೆ ಶುರುವಾಯ್ತು. ಮಂಗಳೂರಲ್ಲಿ ಸಿ.ಟಿ. ಮಾಡಿಸಿದ್ದರಲ್ಲಿ ಎರಡೂ ಕಡೆ ಪ್ಲೂರಲ್ ಪ್ಲಾಕ್ (ಶ್ವಾಸಕೋಶದ ಹೊರಗಿನ ಪೊರೆಯಲ್ಲಿ ಗಟ್ಟಿ ಕಲೆ), ಬಲಗಡೆ ನೀರು, ಒಂದು ಜಾಗದಲ್ಲಿ ಪೊರೆ ದಪ್ಪ ಆಗಿದೆ ಅಂತ ಬಂದಿದೆ. ಡಾಕ್ಟ್ರು ಮೊದ್ಲು ಎಲ್ಲಿ ಕೆಲಸ ಅಂತ ಕೇಳಿ ಆಸ್ಬೆಸ್ಟಾಸ್ ಮಾತು ತೆಗೆದ್ರು, ಬಯಾಪ್ಸಿ, ಅಂದ್ರೆ ಪೊರೆಯ ತುಂಡು ತೆಗೆದು ಪರೀಕ್ಷೆ, ಆಗ್ಬೇಕು ಅಂದ್ರು. ಅಪ್ಪ ಬೇಡ ಅಂತ ಒಂದೇ ಹಠ. ಮಾಡಿಸ್ಬೇಕಾ? ಮತ್ತೆ ನೇವಿಗೆ ಈಗ ಅರ್ಜಿ ಹಾಕಿದ್ರೆ ಎಂತಾದ್ರೂ ಆಗ್ತದಾ?

ಉಪ್ಪಳದ ಸ್ಟೋಕರ್:
ಮಗಳೇ, ನಾನು ಅಪ್ಪನಿಗಿಂತ ಸ್ವಲ್ಪ ಮೊದ್ಲು ಅದೇ ಬ್ರಾಂಚಿಗೆ ಸೇರಿದವ. ಅವರತ್ರ ಲ್ಯಾಗಿಂಗ್ ಅಂತ ಹೇಳಿ ನೋಡು, ಪೂರಾ ಅವರೇ ಹೇಳ್ತಾರೆ. ಲ್ಯಾಗಿಂಗ್ ಅಂದ್ರೆ ಬಿಸಿ ತಡೀಲಿಕ್ಕೆ ಸ್ಟೀಮ್ ಪೈಪಿಗೆ ಸುತ್ತಿದ್ದು, ಅದು ಪೂರಾ ಆಸ್ಬೆಸ್ಟಾಸೇ. ವಾಲ್ವ್ ಲೀಕ್ ಆದ್ರೆ ಉಳಿ ಸುತ್ತಿಗೆ ಹಿಡಿದು ಅದನ್ನು ಒಡೆದು ತೆಗೀಬೇಕು, ಕೆಲಸ ಮುಗಿದ ಮೇಲೆ ಚೀಲದಿಂದ ಪುಡಿ ತೆಗೆದು ನೀರಲ್ಲಿ ಕಲಸಿ ಬರೀ ಕೈಯಲ್ಲಿ ಮೆತ್ತಬೇಕು, ಅಜ್ಜಿಯಂದಿರು ಒಲೆಗೆ ಮಣ್ಣು ಮೆತ್ತಿದ ಹಾಗೆ. ಪೈಪು ಜೋಡಿಸುವ ಫ್ಲೇಂಜಿಗೆ ಅಂಟಿದ ಹಳೇ ಗ್ಯಾಸ್ಕೆಟನ್ನು ವೈರ್ ಬ್ರಷ್ ಹಾಕಿ ಉಜ್ಜುವಾಗ ಧೂಳು ಬಲ್ಬಿನ ಸುತ್ತ ನಿಂತೇ ಇರ್ತಿತ್ತು, ಆ ಗಾಳಿಯಲ್ಲೇ ನಾಲ್ಕು ಗಂಟೆ ವಾಚ್ ಡ್ಯೂಟಿ. ಮೂಗಿಗೆ ಕಟ್ಲಿಕ್ಕೆ ಬೆವರು ಒರಸುವ ಬಟ್ಟೆ. ರಿಫಿಟ್ಟಿಗೆ, ಅಂದ್ರೆ ದೊಡ್ಡ ರಿಪೇರಿಗೆ, ಹಡಗು ಡಾಕಿಗೆ ಹೋದ್ರಂತೂ ಎಲ್ಲಾ ಕಡೆ ಒಟ್ಟಿಗೇ ಒಡೆಯುದು, ಮಲಗುವ ಮೆಸ್ಸಲ್ಲೂ ಅದೇ ಧೂಳು. ನನಗೆ ಹರ್ನಿಯಾ ಆಪರೇಶನಿಗೆ ಮೊದ್ಲು ತೆಗೆದ ಎಕ್ಸ್ ರೇಯಲ್ಲಿ ಎರಡೂ ಕಡೆ ಪ್ಲಾಕ್ ಸಿಕ್ಕಿದ್ದು, ಕ್ಯಾಲ್ಶಿಯಂ ಕೂತದ್ದು. ಒಬ್ಬ ಡಾಕ್ಟ್ರು ಕೂಡ್ಲೇ ಚುಚ್ಚಿ ನೋಡುವ ಅಂದ್ರು, ನಾನು ಇಲ್ಲ ಅಂದೆ. ಬೇರೆ ಕಡೆ ತೋರಿಸಿದ್ರೆ ಪ್ಲಾಕ್ ಅಂದ್ರೆ ಧೂಳು ಒಳಗೆ ಹೋದ ಗುರುತು ಮಾತ್ರ, ಅದೇ ಕ್ಯಾನ್ಸರ್ ಆಗಿ ತಿರುಗುದಲ್ಲ ಅಂದ್ರು. ಈಗ ವರ್ಷಕ್ಕೊಮ್ಮೆ ಸ್ಕ್ಯಾನ್ 4,500, ಶ್ವಾಸಕೋಶದ ಶಕ್ತಿ ನೋಡುವ ಊದುವ ಟೆಸ್ಟ್ 800, ಅಷ್ಟೇ ಖರ್ಚು. ಬೆಳಿಗ್ಗೆ ಎದ್ದು ಅಡಿಕೆ ಹೆಕ್ಕುದು ನಾನೇ. ಚುಚ್ಚಿಸಿದವರ ಕಥೆ ಬೇರೆ, ನಮ್ಮ ಮೆಸ್ಸಿನವರೇ ಒಬ್ಬರಿಗೆ ಸೂಜಿ ಹಾಕಿದ ದಾರಿಯಲ್ಲೇ ಚರ್ಮದಡಿ ಗಡ್ಡೆ ಎದ್ದಿತು, ಕಣ್ಣಾರೆ ನೋಡಿದ್ದೇನೆ. ಅಪ್ಪನನ್ನು ಅವರ ಪಾಡಿಗೆ ಬಿಡಿ.

ಮಂಜೇಶ್ವರದ ಟೀಚರ್:
ಅಣ್ಣ, ಬಿಟ್ಟುಬಿಡಿ ಅಂತ ಸಲೀಸಾಗಿ ಹೇಳಬೇಡಿ. ನಿಮ್ಮದು ಒಣ ಪ್ಲಾಕ್, ಆ ಹುಡುಗಿ ನೀರು ಉಂಟು ಅಂತ ಬರ್ದಿದ್ದಾಳೆ. ನಮ್ಮೆಜಮಾನರೂ ನೇವಿಯೇ. ನೀರು ಕಂಡಾಗ ಟಿ.ಬಿ. ಅಂದ್ರು. ಕಫದಲ್ಲಿ ರೋಗಾಣು ಇಲ್ಲ, ನೀರಲ್ಲಿ ಇಲ್ಲ, ಆದ್ರೂ ನಮ್ಮ ದೇಶದಲ್ಲಿ ನೀರು ಅಂದ್ರೆ ಟಿ.ಬಿ.ಯೇ ಅಂತ ಆರು ತಿಂಗಳ ಮಾತ್ರೆ ಶುರು ಮಾಡಿದ್ರು. ಮೂತ್ರ ಕೆಂಪು, ಊಟ ಸೇರ್ಲಿಲ್ಲ, ಲಿವರ್ ಏರಿತು, ಎದೆಯ ನೀರು ಮಾತ್ರ ಮತ್ತೆ ಮತ್ತೆ ತುಂಬ್ತಾ ಇತ್ತು. ತೆಗೆದ ನೀರನ್ನು ಪ್ರತಿ ಸಲ ಲ್ಯಾಬಿಗೆ ಕಳಿಸಿದ್ರೂ ಕ್ಯಾನ್ಸರ್ ಕೋಶ ಇಲ್ಲ ಅಂತಲೇ ಬರುದು. ಕೊನೆಗೆ ಎದೆಗೆ ಕ್ಯಾಮೆರಾ ಹಾಕಿ ಪೊರೆಯ ತುಂಡು ತೆಗೆದ ಮೇಲೆ ಮೀಸೋಥೀಲಿಯೋಮಾ, ಆ ಪೊರೆಯ ಕ್ಯಾನ್ಸರ್, ಅಂತ ಗೊತ್ತಾದ್ದು, ಅಷ್ಟರಲ್ಲಿ ವರ್ಷದ ಹತ್ತಿರ ಆಗಿತ್ತು. ನೀರು ತೆಗೆಯುದು ಒಂದು ಸಲಕ್ಕೆ 3,000, ಟ್ಯೂಬ್ ಬಿಟ್ಟು ಮಲಗಿಸಿದ್ರೆ ದಿನಕ್ಕೆ ರೂಮು 2,800, ಬೈಸ್ಟಾಂಡರ್ ಊಟ ಬೇರೆ, ಕಾರಿಗೆ ಹೋಗಿ ಬರ್ಲಿಕ್ಕೆ 1,800, ಕಾಯಿಸಿದ್ರೆ ಅದಕ್ಕೂ ಮೇಲೆ. ಕ್ಯಾಮೆರಾ ಬಯಾಪ್ಸಿ 68,000, ಸ್ಲೈಡಿನ ವಿಶೇಷ ಬಣ್ಣದ ಟೆಸ್ಟ್ 9,000. ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿನ ರೆಫರಲ್ ಚೀಟಿ ಇಲ್ಲದೆ ಅರ್ಜೆಂಟಿಗೆ ಹೋದದ್ದು ಅಂತ ಹೆಚ್ಚಿನ ಬಿಲ್ಲು ವಾಪಸ್ ಬರ್ಲೇ ಇಲ್ಲ. ಪೆಮೆಟ್ರೆಕ್ಸೆಡ್ ಸಿಸ್ಪ್ಲಾಟಿನ್ ಕಿಮೋ ಶುರು ಆಗುವಾಗ ಎರಡು ಕ್ವಿಂಟಾಲ್ ಹಳೇ ಚಾಲಿ ಅಡಿಕೆ ಮಾರಿ ಆಗಿತ್ತು. ನಡುವೆ 2020ರ ಮಾರ್ಚಲ್ಲಿ ಕೋವಿಡಿಗೆ ಗಡಿಯ ತಲಪಾಡಿ ದಾರಿ ಬಂದ್ ಆದಾಗ ಕಿಮೋ ತಪ್ಪಿತು. ಅವರು ಈಗಿಲ್ಲ. ಮೊದಲೇ ತುಂಡು ತೆಗೆದಿದ್ರೆ ಟಿ.ಬಿ. ಮಾತ್ರೆಯ ಆ ತಿಂಗಳುಗಳಾದ್ರೂ ನಮಗೆ ಸಿಗ್ತಿತ್ತು. ಇನ್ನೊಂದು ವಿಷಯ, ವಿಶಾಖಪಟ್ಟಣದ ಕ್ವಾರ್ಟರ್ಸಲ್ಲಿ ಅವರ ಓವರಾಲ್ ಕೊಡವಿ ಕೈಯಲ್ಲಿ ಒಗೆದದ್ದು ನಾನು. ಬಟ್ಟೆ ಒಗೆದ ಹೆಂಗಸರಿಗೂ ಈ ರೋಗ ಬರ್ತದೆ, ನಿಮ್ಮಮ್ಮ ಜೊತೆಗೆ ಇದ್ದವರಾದ್ರೆ ಅವರದ್ದೂ ಎಕ್ಸ್ ರೇ ಮಾಡಿಸಿ.

ಉಪ್ಪಳದ ಸ್ಟೋಕರ್:
ಟೀಚರೇ ನಿಮ್ಮ ದುಃಖ ನನಗೆ ಅರ್ಥ ಆಗ್ತದೆ. ಆದ್ರೆ ಬಯಾಪ್ಸಿ ಆದ ಮೇಲೂ ಉಳಿಸ್ಲಿಕ್ಕೆ ಆಯ್ತಾ? ಈ ರೋಗ ಬಂದವರಲ್ಲಿ ಹೆಚ್ಚಿನವರು ಒಂದೆರಡು ವರ್ಷ. ಕೊನೇ ದಿನಗಳನ್ನು ಆಸ್ಪತ್ರೆ ಮಂಚದಲ್ಲಿ ಕಳೆಯುದು ಬೇಕಾ ಅಂತ ಕೇಳಿದ್ದು ಅಷ್ಟೇ.

ಮಂಜೇಶ್ವರದ ಟೀಚರ್:
ಉಳಿಸ್ಲಿಕ್ಕೆ ಆಯ್ತಾ ಅಂತ ಕೇಳ್ತೀರಲ್ಲ, ಮನೆಯಲ್ಲಿ ಜನ ಹೋದವರತ್ರ ಕೇಳುವ ಮಾತಾ ಇದು? ನಿಮ್ಮ ಅದೃಷ್ಟವನ್ನು ಎಲ್ಲರ ಮೇಲೆ ಹೇರಬೇಡಿ.

ಬದಿಯಡ್ಕ ಸಿಸ್ಟರ್:
ನಾನು ಚೆಸ್ಟ್ ವಾರ್ಡಲ್ಲಿ ಇದ್ದವಳು. ಪ್ಲಾಕ್ ಮಾತ್ರ ಆದ್ರೆ ಕಾಯಬಹುದು. ನೀರು ಮತ್ತೆ ಪೊರೆ ದಪ್ಪ ಎರಡೂ ಇದ್ರೆ ಕಾಯುದು ಸರಿಯಲ್ಲ. ಸೂಜಿ ದಾರಿಯಲ್ಲಿ ಗಡ್ಡೆ ಬರುದು ನಿಜ, ಆದ್ರೆ ಅದಕ್ಕೆ ಹೆದರಿ ರೋಗದ ಹೆಸರೇ ಗೊತ್ತಿಲ್ಲದೆ ಕೂರುದು ಬೇಡ.

ಬೇಕಲ ಮರ್ಚೆಂಟ್:
ನಿಮಗೆಲ್ಲ ಕಾರ್ಡಾದ್ರೂ ಉಂಟು, ಮಾಜಿ ಸೈನಿಕರ ಆರೋಗ್ಯ ಯೋಜನೆ ಇ.ಸಿ.ಎಚ್.ಎಸ್. 2003ರಿಂದ ಉಂಟು. ನಮ್ಮ ಕಡೆ ಮನೆಗೊಬ್ಬ ಮರ್ಚೆಂಟ್ ನೇವಿ (ಸರಕು ಹಡಗಿನವ), ನಮ್ಮನ್ನು ಕೇಳುವವರು ಯಾರು? ನಾನು ಹತ್ತಿದ್ದು ಪನಾಮ ಧ್ವಜದ ಹಳೇ ಡಬ್ಬಾ ಹಡಗು, ಓನರ್ ಗ್ರೀಕ್, ಏಜೆಂಟ್ ಬಾಂಬೆ, ಎಂಜಿನ್ ರೂಮಲ್ಲಿ ಅದೇ ಲ್ಯಾಗಿಂಗ್. ಈಗ ನನ್ನ ಊದುವ ಟೆಸ್ಟ್ 58 ಪರ್ಸೆಂಟ್, ಶ್ವಾಸಕೋಶ ಗಟ್ಟಿ ಆಗ್ತಾ ಬರ್ತಾ ಉಂಟು, ಆಕ್ಸಿಜನ್ ಮೆಶಿನ್ 42,000 ಕೈಯಿಂದ ಕೊಟ್ಟು ತಂದದ್ದು, ಕರೆಂಟ್ ಬಿಲ್ ಎರಡರಷ್ಟು, ಕರೆಂಟ್ ಹೋದ್ರೆ ಅಂತ ಸಿಲಿಂಡರ್ ಬೇರೆ. ಕೇಸು ಹಾಕುವ ಅಂದ್ರೆ ಕಂಪನಿಯೇ ಇಲ್ಲ, ಹಡಗು ಎಲ್ಲೋ ಗುಜರಿ ಆಗಿ ಹೋಯ್ತು. ಹಡಗಿಗೆ ಹೊಸ ಆಸ್ಬೆಸ್ಟಾಸ್ ಹಾಕಬಾರದು ಅಂತ ಅಂತರರಾಷ್ಟ್ರೀಯ ನಿಯಮ ಬಂದದ್ದೇ 2002 ಜುಲೈಯಲ್ಲಿ, ಅದ್ರಲ್ಲೂ ಕೆಲವು ವಿನಾಯಿತಿ, ಪೂರ್ತಿ ಬಂದ್ ಆದದ್ದು 2011. ನಾನು ಅಷ್ಟರಲ್ಲಿ ಕೆಲಸ ಬಿಟ್ಟಾಗಿತ್ತು.

ಮುಳ್ಳೇರಿಯ ಪೆಟಿ ಆಫೀಸರ್:
ಕಾರ್ಡು ಉಂಟು ಅಂತ ಹೊಟ್ಟೆ ಉರ್ಕೊಳ್ಳಬೇಡಿ, ನೀವು ತಿಂಗಳಿಗೆ ಡಾಲರಲ್ಲಿ ಸಂಬಳ ಎಣಿಸುವಾಗ ನಮಗೆ ಎಷ್ಟಿತ್ತು ಅಂತ ಗೊತ್ತುಂಟಾ?

ಬೇಕಲ ಮರ್ಚೆಂಟ್:
ಡಾಲರ್ ಕೈಗೆ ಬಂದದ್ದು ಆಫೀಸರುಗಳಿಗೆ. ಎಂಜಿನ್ ರೂಮಲ್ಲಿ ವೈಪರ್, ಫೈರ್‌ಮ್ಯಾನ್ ಆಗಿ ಹೋದವರ ಮನೆ ಬಂದು ನೋಡಿ ಆಮೇಲೆ ಮಾತಾಡಿ.

ಮುಳ್ಳೇರಿಯ ಪೆಟಿ ಆಫೀಸರ್:
ಆಯ್ತು, ಅದು ಬಿಡುವ. ತಂಗೀ, ಪೆನ್ಶನ್ ವಿಷಯ ನಾನು ಅನುಭವಿಸಿದ್ದು ಹೇಳ್ತೇನೆ. ನನಗೆ ಆಸ್ಬೆಸ್ಟೋಸಿಸ್, ಆ ಧೂಳಿಂದ ಶ್ವಾಸಕೋಶ ಗಟ್ಟಿ ಆಗುವ ಕಾಯಿಲೆ, ಅಂತ ಬರ್ದು ಕೊಟ್ಟ ಮೇಲೆ ಡಿಸೆಬಿಲಿಟಿ ಪೆನ್ಶನಿಗೆ ಹಾಕಿದೆ, ಒಂದು ಮೆಡಿಕಲ್ ಬೋರ್ಡು 'ನಾನಾ' ಅಂತ ಷರಾ ಬರ್ದು ಕಳಿಸಿತು, ಸೇವೆಯಿಂದ ಬಂದದ್ದೂ ಅಲ್ಲ ಹೆಚ್ಚಾದದ್ದೂ ಅಲ್ಲ ಅಂತ. ಹಾಗಾದ್ರೆ ಈ ಧೂಳು ನನ್ನ ಅಡಿಕೆ ತೋಟದಿಂದ ಬಂತಾ? ಅಪೀಲು, ಅದೂ ರಿಜೆಕ್ಟ್, ಆಮೇಲೆ ಕೊಚ್ಚಿಯ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್, ಸೈನಿಕರ ಕೇಸು ನೋಡುವ ಕೋರ್ಟು. ವಕೀಲರಿಗೆ 35,000, ಪೇಪರ್ ಟೈಪಿಂಗ್ ಜೆರಾಕ್ಸ್ 6,000, ಪ್ರತಿ ಹಿಯರಿಂಗಿಗೆ ಕಾಸರಗೋಡಿಂದ ರಾತ್ರಿ ಮಾವೇಲಿ ರೈಲು ಹತ್ತಿ ಎರ್ನಾಕುಲಂ, ಕೆಮ್ಮು ಬಂದ್ರೆ ಬರ್ತಿನಲ್ಲಿ ಮಲಗ್ಲಿಕ್ಕಾಗದೆ ಬಾಗಿಲ ಹತ್ರ ಕೂತು ಹೋಗುದು. ನಿಮಗೆ ಅಡ್ಡ ಬರುದು ಇದು: 2008ರ ನಿಯಮದಲ್ಲಿ ಸೇವೆಯಿಂದ ಡಿಸ್ಚಾರ್ಜ್ ಆಗಿ 7 ವರ್ಷದೊಳಗೆ ಕಂಡ ಕಾಯಿಲೆಯನ್ನು ಮಾತ್ರ ಸೇವೆಯದ್ದು ಅಂತ ಪರಿಗಣಿಸುದು. ಮೀಸೋಥೀಲಿಯೋಮಾ ಬರ್ಲಿಕ್ಕೆ 20ರಿಂದ 50 ವರ್ಷ ಬೇಕು. ಅಂದ್ರೆ 7 ವರ್ಷದೊಳಗೆ ಯಾರಿಗೆ ಬರ್ತದೆ? ಹೆಚ್ಚಿನವರಿಗೆ ಇಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಆಸ್ಬೆಸ್ಟಾಸ್ ಫ್ಯಾಕ್ಟ್ರಿಗಳಿಗೆ ಕೆಲಸಗಾರರ ಆರೋಗ್ಯ ದಾಖಲೆ 40 ವರ್ಷ ಇಡ್ಬೇಕು ಅಂತ ಹೇಳಿತು, ಕಾಯಿಲೆ ಅಷ್ಟು ತಡವಾಗಿ ಬರ್ತದೆ ಅಂತ ಗೊತ್ತಿದ್ದೇ ಹೇಳಿದ್ದಲ್ವಾ, ನಮಗೆ ಮಾತ್ರ 7. ನಮ್ಮ ಹಳೇ ಹಡಗುಗಳಲ್ಲಿ ಎಷ್ಟೋ ಬ್ರಿಟಿಷರು ಕಟ್ಟಿದ್ದು ಅಥವಾ ಅವರ ನಕ್ಷೆಯದ್ದು, ಆ ಬ್ರಿಟನ್ನೇ 2016ರಿಂದ ಮೀಸೋಥೀಲಿಯೋಮಾ ಬಂದ ಮಾಜಿ ಸೈನಿಕರಿಗೆ 1,40,000 ಪೌಂಡ್ ಒಮ್ಮೆಗೇ ಕೊಡ್ತದೆ.

ಉಪ್ಪಳದ ಸ್ಟೋಕರ್:
ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪು ಉಂಟಲ್ಲ, ಸೇರುವಾಗ ಕಾಯಿಲೆ ಬರ್ದಿಲ್ಲದಿದ್ರೆ ಸೇವೆಯಿಂದಲೇ ಬಂದದ್ದು ಅಂತ.

ಮುಳ್ಳೇರಿಯ ಪೆಟಿ ಆಫೀಸರ್:
ಅದು ಸೇವೆಯಲ್ಲಿ ಇರುವಾಗಲೇ ಕಾಯಿಲೆ ಬಂದು ಹೊರಗೆ ಹಾಕಿದವರ ಕೇಸು ಸ್ವಾಮೀ. ಎಲ್ಲರೂ ಅದೇ ಹೆಸರು ಹೇಳ್ತಾರೆ, ತೀರ್ಪು ಓದಿದವರು ಯಾರೂ ಇಲ್ಲ.

ಪೆರ್ಲ ಕೃಷಿಕ:
ಹಡಗು ಹಡಗು ಅಂತ ಇದ್ದೀರಿ, ನೀರ್ಚಾಲು ನಮಗೆ ಎಷ್ಟು ದೂರ? 2000ದವರೆಗೆ ನಮ್ಮ ಕಾಸರಗೋಡಿನ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದದ್ದು ಮರ್ತುಹೋಯ್ತಾ? ನಮ್ಮನೆಯ ಮಗುವನ್ನು ಇವತ್ತಿಗೂ ಎತ್ತಿ ಕೂರಿಸ್ಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ 5 ಲಕ್ಷ ಕೊಡಿ ಅಂದ ಮೇಲೂ ಪಟ್ಟಿಯಲ್ಲಿ ಹೆಸರು ಬರ್ಲಿಕ್ಕೆ ನಾವು ಅಲೆದದ್ದು ನಮಗೇ ಗೊತ್ತು, ಅರ್ಜಿ ಫಾರ್ಮು ಮಲಯಾಳದಲ್ಲಿ, ಓದಿ ಹೇಳುವವರಿಲ್ಲ.

ಬದಿಯಡ್ಕ ಸಿಸ್ಟರ್:
ಅಣ್ಣ ನಿಮ್ಮ ಕಷ್ಟ ಸಣ್ಣದಲ್ಲ, ಆದ್ರೆ ಎಂಡೋಸಲ್ಫಾನಿಂದ ಪ್ಲೂರಲ್ ಪ್ಲಾಕ್ ಬರುದಿಲ್ಲ. ಅದನ್ನೂ ಇದನ್ನೂ ಸೇರಿಸಿ ಬರ್ಸಿದ್ರೆ ಆ ಹುಡುಗಿಯ ಕೇಸು ಹಾಳಾಗ್ತದೆ.

ಪೆರ್ಲ ಕೃಷಿಕ:
ಹಾಗಾದ್ರೆ ದನದ ಹಟ್ಟಿಯ ಮಾಡಿಗೆ ಹಾಕಿದ ಸಿಮೆಂಟ್ ಶೀಟು? ಅದ್ರಲ್ಲೂ ಆಸ್ಬೆಸ್ಟಾಸ್ ಉಂಟಲ್ಲ? ಕಳೆದ ವರ್ಷ 62,000 ಕೊಟ್ಟು ತೆಗೆದು ತಗಡು ಹಾಕಿದೆ, ಹಳೇ ಶೀಟು ಒಡೆದು ನೀರು ಹೋಗುವ ಕಣಿಗೆ ತುಂಬಿಸಿದ್ದೇವೆ.

ಬೇಕಲ ಮರ್ಚೆಂಟ್:
ಒಡೆದದ್ದಾ! ಶೀಟು ಇಡೀ ಇದ್ದಾಗ ಅಷ್ಟು ತೊಂದರೆ ಇಲ್ಲ, ಒಡೆಯುವಾಗ, ಕತ್ತರಿಸುವಾಗಲೇ ಧೂಳು ಏಳುದು. ನೀರು ಹಾಕಿ ಒದ್ದೆ ಮಾಡಿ ಇಡೀ ಇಡೀ ಇಳಿಸ್ಬೇಕಿತ್ತು. ಕೆಲಸದವರ ಮೂಗಿಗೆ ಎಂತ ಕೊಟ್ಟಿದ್ರಿ? 2006ರಲ್ಲಿ ಫ್ರಾನ್ಸಿನ ಹಳೇ ಯುದ್ಧದ ಹಡಗು ಕ್ಲೆಮಾನ್ಸೋ ಗುಜರಾತಿನ ಅಲಂಗಿಗೆ ಒಡೀಲಿಕ್ಕೆ ಬರ್ತಾ ಇದ್ದದ್ದನ್ನು ಇದೇ ಆಸ್ಬೆಸ್ಟಾಸ್ ಗಲಾಟೆಯಲ್ಲಿ ಅವರ ಅಧ್ಯಕ್ಷರೇ ವಾಪಸ್ ಕರ್ಸಿಕೊಂಡ್ರು. ನಮ್ಮಲ್ಲಿ ಇವತ್ತಿಗೂ ರಷ್ಯಾದಿಂದ ತರಿಸಿ ಶೀಟು ಮಾಡ್ತಾರೆ.

ಪೆರ್ಲ ಕೃಷಿಕ:
ಆಯ್ತಪ್ಪ, ಗೊತ್ತಿದ್ದವರು ಮೊದ್ಲೇ ಬಂದು ಹೇಳ್ಬೇಕಿತ್ತು. ಬಡವರ ಹಟ್ಟಿಗೆ ಹಂಚು ಯಾರು ಹಾಕಿಕೊಡ್ತಾರೆ?

ನೀರ್ಚಾಲು ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಟೀಚರಕ್ಕ ಬರ್ದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಕ್ಯಾಮೆರಾ ಹಾಕಿ ತೆಗೆಯುದಾದ್ರೆ ಆಗ್ಲಿ, ಆದ್ರೆ ಟಿ.ಬಿ. ಮಾತ್ರೆ ಸುಮ್ನೆ ತಿನ್ನುದಿಲ್ಲ ಅಂದಿದ್ದಾರೆ. ಪೆನ್ಶನಿಗೆ 7 ವರ್ಷ ಅಂದ್ರೆ ಬಿಟ್ಟೇಬಿಡುದಾ?

ಮುಳ್ಳೇರಿಯ ಪೆಟಿ ಆಫೀಸರ್:
ಬಿಡಬೇಡಿ. ಮೊದ್ಲು ನೇವಿಗೆ ಅರ್ಜಿ ಹಾಕದೆ ಟ್ರಿಬ್ಯೂನಲ್ ಸಾಮಾನ್ಯವಾಗಿ ಕೇಸು ತಗೊಳ್ಳುದಿಲ್ಲ, ಆದ್ರಿಂದ ಅರ್ಜಿ ಹಾಕಿಯೇ ಹಾಕಿ. ಮುಂಬೈ ಮಾನ್‌ಖುರ್ದಿನ ಬ್ಯೂರೋ ಆಫ್ ಸೇಲರ್ಸಿಗೆ (ನೇವಿಯವರ ಸೇವೆಯ ದಾಖಲೆ ಇರುವ ಆಫೀಸು) ಆರ್.ಟಿ.ಐ. ಹಾಕಿ ಅಪ್ಪ ಯಾವ ಹಡಗಲ್ಲಿ ಯಾವ ತಾರೀಕಿಂದ ಯಾವ ತಾರೀಕಿಗೆ ಅಂತ ಪೂರಾ ಪಟ್ಟಿ ತರ್ಸಿ. ನೇವಿಯ ಡಿಸ್ಚಾರ್ಜ್ ಬುಕ್ಕಿನ ಒರಿಜಿನಲ್ ಯಾರಿಗೂ ಕೊಡಬೇಡಿ, ಜೆರಾಕ್ಸ್ ಮಾತ್ರ. ಜೊತೆಗೆ ಕೆಲಸ ಮಾಡಿದ ಇಬ್ಬರ ಅಫಿಡವಿಟ್ ಈಗಲೇ ಮಾಡಿಸಿ, ನಮ್ಮ ಬ್ಯಾಚಿನವರೆಲ್ಲ 70 ದಾಟಿದವರು.

ಉಪ್ಪಳದ ಸ್ಟೋಕರ್:
ಅಫಿಡವಿಟ್ ನಾನು ಕೊಡ್ತೇನೆ, ಆ ಹಡಗಲ್ಲಿ ಒಟ್ಟಿಗೆ ಇದ್ದೆವು ಅಂತಾದ್ರೆ. ಅಪ್ಪನ ಹತ್ರ ಹಡಗಿನ ಹೆಸರು ಕೇಳಿ ನನಗೆ ಖಾಸಗಿಯಾಗಿ ಕಳಿಸು ಮಗಳೇ. ಬಯಾಪ್ಸಿ ಬಗ್ಗೆ ನನ್ನ ಅಭಿಪ್ರಾಯ ಬದಲಿಲ್ಲ.

ಮಂಜೇಶ್ವರದ ಟೀಚರ್:
ಪಾಲಿಕ್ಲಿನಿಕ್ಕಿನ ರೆಫರಲ್ ಕೈಯಲ್ಲಿ ಇಲ್ಲದೆ ಅಡ್ಮಿಟ್ ಆಗ್ಬೇಡಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಹಡಗಿನ ಬಾಯ್ಲರ್ ರೂಮಲ್ಲಿ ಆಸ್ಬೆಸ್ಟಾಸ್ ಸಂಪರ್ಕ' ಅಂತ ಡಾಕ್ಟ್ರ ಕೈಯಲ್ಲಿ ಬರ್ಸಿಕೊಳ್ಳಿ, ನಮ್ಮದರಲ್ಲಿ ಬರೀ 'ರಿಟೈರ್ಡ್' ಅಂತ ಇತ್ತು, ಅದೊಂದು ಶಬ್ದ ಹಿಡ್ಕೊಂಡು ನಮ್ಮ ಅರ್ಜಿ ತಳ್ಳಿದ್ರು. ಬಯಾಪ್ಸಿಯ ಬ್ಲಾಕ್ ಮತ್ತೆ ಸ್ಲೈಡ್ ಲ್ಯಾಬಿನಿಂದ ಕೇಳಿ ತಗೊಂಡು ಮನೆಯಲ್ಲಿ ಇಡಿ.